ರಟ್ಟಿನ ಒಳಗಿನ ಹೆಸರು

ನಮ್ಮ ಭಾವ ಜರ್ಮನಿಯಲ್ಲಿ ಕೊಂಡ ಅಷ್ಟೂ ಪುಸ್ತಕಗಳಲ್ಲಿ ಒಂದನ್ನೂ ಓದಲಿಲ್ಲ. ಓದುವುದಿರಲಿ, ಪುಟ ತಿರುಗಿಸಿದ್ದನ್ನೇ ನಾನು ಕಾಣೆ! ಅವರಿಗೆ ಬೇಕಾದದ್ದು ರಟ್ಟಿನ ಒಳಬದಿಯ ಚೀಟಿ. ಹಿಂದಿನವರು ತಮ್ಮ ಹೆಸರನ್ನು ಚಿತ್ರದ ಜೊತೆ ಅಚ್ಚು ಹಾಕಿಸಿ ಪುಸ್ತಕಕ್ಕೆ ಅಂಟಿಸುತ್ತಿದ್ದರಲ್ಲ, ಅದು. ಅದರಲ್ಲೂ ಅಮೆರಿಕ ಹೊಸದಾಗಿ ಸ್ವತಂತ್ರವಾದ ಕಾಲದವರ ಚೀಟಿ ಸಿಕ್ಕರೆ ಊಟದ ನೆನಪೂ ಇರುತ್ತಿರಲಿಲ್ಲ.

ಧಾರವಾಡದ ಈ ಮನುಷ್ಯ ಜರ್ಮನಿಯವರೇ ಕೊಟ್ಟ ಗ್ರೀನ್ ಕಾರ್ಡ್ ಹಿಡಿದು ಹಳೆಯ ರಾಜಧಾನಿ ಬಾನ್‌ಗೆ ಬಂದದ್ದು ಸಾಫ್ಟ್‌ವೇರ್ ಬರೆಯಲು. ಆ ಹೊತ್ತಿಗೆ ರಾಜಧಾನಿ ಅಲ್ಲಿಂದ ಬರ್ಲಿನ್‌ಗೆ ಎದ್ದು ಹೋಗಿತ್ತು. ಜೊತೆಗೇ ಹೊರಟ ರಾಯಭಾರ ಕಚೇರಿಯ ಅಮೆರಿಕನ್ನರ ಹಳೆಯ ಪುಸ್ತಕಗಳು ರೈನ್ ದಂಡೆಯ ಸಂತೆಗೆ ಬಂದು ಬಿದ್ದಿದ್ದವು. ಒಂದು ಶನಿವಾರ ಅಕ್ಕ ಭಾವನನ್ನು ತರಕಾರಿಗೆ ಕಳಿಸಿದಳು.

“ಬದನಿಕಾಯಿ ಎಲ್ರೀ?”

“ಬಾಸ್ಟನ್ನಿನ ಜಡ್ಜ್ ಒಬ್ಬರು ಸಿಕ್ರು,” ಎಂದು ಭಾವ ಚೀಲದಿಂದ ಕಂದು ಪುಸ್ತಕ ತೆಗೆದರು. ಚೀಟಿಯಲ್ಲಿ ಒಂದು ಹಡಗು, ಕೆಳಗೆ ಯಾರೋ ನ್ಯಾಯಾಧೀಶರ ಹೆಸರು.

“ಹಂಗಾರ ಇವರನ್ನ ಎಣ್ಣಿಗಾಯಿ ಮಾಡ್ಲೇನು?”

ಅಂಥದೇ ಕಾರ್ಡ್ ಹಿಡಿದು ಅದೇ ಊರಿಗೆ ಬಂದಿದ್ದ ನಾನು ಒಮ್ಮೆ ಕೇಳಿದೆ. “ಭಾವಾ, ನಿಮ್ಮ ಹೆಸರಿನ ಚೀಟಿ ಯಾಕ ಅಂಟಸಂಗಿಲ್ಲ?”

“ನಂದು ಐದು ವರ್ಷದ ಪರ್ಮಿಟ್ ತಮ್ಮಾ. ಬಾಗಲ ಗಂಟಿ ಮ್ಯಾಲೆ ಹೆಸರು ಅದ ಅಲ್ಲಾ, ಸಾಕು.”

ಇಲ್ಲಿ ಮನೆಯ ಗುರುತೇ ಗಂಟೆಯ ಪಕ್ಕದ ಹೆಸರು. ಅದಿಲ್ಲದಿದ್ದರೆ ಟಪಾಲೂ ಬಾರದು. ಭಾವ ಅಲ್ಲಿಯ ಚೀಟಿಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಸಣ್ಣದಾಗಿ ಕನ್ನಡದಲ್ಲೂ ಬರೆದಿದ್ದರು.

ಪರ್ಮಿಟ್ ಮುಗಿಯುವ ಮೊದಲೇ ಅವರ ಕಂಪನಿ ಮುಚ್ಚಿತು. ಬೇರೆ ಕೆಲಸ ಸಿಗಲಿಲ್ಲ, ಟಿಕೆಟ್ ಬುಕ್ ಆಯಿತು. ವಿಮಾನಕ್ಕೆ ಇಷ್ಟೊಂದು ಪುಸ್ತಕ ಹೇರುವುದು ಹೇಗೆ? ಅಕ್ಕ ಒಲೆಯ ಮೇಲೆ ಕುಕ್ಕರ್ ಇಟ್ಟಳು.

“ಉಗಿ ಹಿಡದ್ರ ಚೀಟಿ ಬಿಚ್ಚತಾವ್ರಿ. ಚೀಟಿ ತಗೊಂಡು ನಡೀರಿ, ಪುಸ್ತಕ ಇಲ್ಲೇ ಇರಲಿ.”

ಹೇಗೂ ಓದದ ಪುಸ್ತಕಗಳು! ನನಗೂ ಸರಿ ಅನ್ನಿಸಿತು. ಭಾವ ಎದ್ದು ಒಲೆ ಆರಿಸಿದರು.

“ಹೆಸರು ಕಿತಗೊಂಡು ಹೋದ್ರ, ಅವರು ಇದ್ರು ಅಂತ ಯಾರಿಗೆ ಗೊತ್ತಾಗತದ?”

ಪುಸ್ತಕಗಳೆಲ್ಲ ಅದೇ ಊರಿನಲ್ಲಿದ್ದ ನನ್ನ ಕೋಣೆಗೆ ಬಂದವು, ಜಡ್ಜ್ ಸಾಹೇಬರೂ ಸೇರಿ. ಅಕ್ಕನನ್ನೂ ಭಾವನನ್ನೂ ವಿಮಾನ ಹತ್ತಿಸಿ, ಮನೆಯ ಬೀಗದಕೈ ಮಾಲೀಕರಿಗೆ ಕೊಡಲು ಹೋದಾಗ ಗಂಟೆಯ ಪಕ್ಕದ ಜಾಗ ಖಾಲಿಯಿತ್ತು. ಹೋಗುವಾಗಲೂ ಎಷ್ಟು ಅಚ್ಚುಕಟ್ಟು ಎಂದುಕೊಂಡೆ.

ಸಂಜೆ ಪುಸ್ತಕ ಜೋಡಿಸುತ್ತಾ ಜಡ್ಜ್ ಸಾಹೇಬರ ರಟ್ಟು ತೆರೆದೆ. ಹಡಗಿನ ಕೆಳಗೆ, ಬಿಸಿಲಿಗೆ ಹಳದಿಯಾದ ಆ ಗಂಟೆಯ ಚೀಟಿಯನ್ನು ಭಾವ ನೀಟಾಗಿ ಅಂಟಿಸಿದ್ದರು.

ಅದರ ಕೆಳಗೆ ಇನ್ನೊಂದು ಹೆಸರಿಗೆ ಜಾಗ ಬಿಟ್ಟಿದ್ದಾರೆ. ನನ್ನ ಪರ್ಮಿಟ್ ಇನ್ನೂ ಮುಗಿದಿಲ್ಲ.