ಎದ್ದ ಇಂಜಿನಿಯರರನ್ನು ಕೂರಿಸಿದ್ದು

ಇಂಗ್ಲಿಷರು ಯಾವ ಕೆಲಸವನ್ನೂ ದಿಕ್ಕು ತೋರಿಸದೆ ಬಿಡುವವರಲ್ಲ. ನಾವು ಸುಮ್ಮನೆ ಕೂರುತ್ತೇವೆ, ಅವರು ‘ಸಿಟ್ ಡೌನ್’ ಎಂದು ಕೆಳಗೆ ಕೂರುತ್ತಾರೆ. ನಾವು ಏಳುತ್ತೇವೆ, ಅವರು ಮೇಲಕ್ಕೇ ಏಳುತ್ತಾರೆ. ಕೆಳಕ್ಕೆ ಏಳುವವರು ಯಾರಾದರೂ ಉಂಟೇ ಎಂದು ಕೇಳಬಾರದು. ಕುಡಿದದ್ದು ಯಾವ ದೇಶದಲ್ಲೂ ಗಂಟಲಿನಿಂದ ಕೆಳಗೇ ಇಳಿಯುವುದಾದರೂ, ಲೋಟದಲ್ಲಿ ತೊಟ್ಟೂ ಬಿಡದೆ ಕುಡಿಯಿರಿ ಎನ್ನಬೇಕಾದರೆ ಅವರಿಗೆ ‘ಡ್ರಿಂಕ್ ಅಪ್’. ಬರೆದುಕೊಳ್ಳುವುದು ‘ರೈಟ್ ಡೌನ್’, ಕೈಬಿಡುವುದು ‘ಗಿವ್ ಅಪ್’. ಸುಳ್ಯದಲ್ಲಿ ಇಂಗ್ಲಿಷ್ ಮಾಸ್ಟ್ರಾಗಿರುವ ನಾನು ಈ ಅಪ್ಪು ಡೌನುಗಳನ್ನು ಕಲಿಸುವುದರಲ್ಲಿ ಸ್ವಲ್ಪ ಹೆಸರು ಮಾಡಿದವನು. ನಮ್ಮ ಕಡೆಯ ಮಕ್ಕಳಿಗೆ ಅದು ಕಷ್ಟವೂ ಅಲ್ಲ. ಇಲ್ಲಿ ಎಡಬಲ ಯಾರಿಗೆ ಬೇಕು? ಗುಡ್ಡದ ಕಡೆಯದೆಲ್ಲ ಮೇಲೆ, ಹೊಳೆಯ ಕಡೆಯದೆಲ್ಲ ಕೆಳಗೆ. ನನ್ನ ಮಾವನವರು ಊಟಕ್ಕೆ ಕೂತಾಗಲೂ “ಚೆಂಬು ಸ್ವಲ್ಪ ಕೆಳಗೆ ಸರಿಸು” ಎಂದರೆ ಹೊಳೆಯ ಕಡೆಗೆ ಸರಿಸಬೇಕು. ಇಂಥ ಊರಿನಲ್ಲಿ ಹುಟ್ಟಿದವನಿಗೆ ಆ ಭಾಷೆ ಒಲಿಯದೆ ಇನ್ನಾರಿಗೆ ಒಲಿಯಬೇಕು ಎಂದು ನಾನು ಹೇಳಿಕೊಳ್ಳುತ್ತಿದ್ದೆ. ಈಗ ಹೇಳಿಕೊಳ್ಳುವುದಿಲ್ಲ.

ನನ್ನ ಮನೆ ಅಜ್ಜಾವರದ ಕಡೆ, ಒಂದು ಹೊಳೆಯ ಆಚೆ. ಹೊಳೆಗೆ ಸಂಕ ಉಂಟು. ಸಂಕ ಎಂದರೆ ದೊಡ್ಡ ಕಲ್ಪನೆ ಬೇಡ, ಎರಡು ಅಡಿಕೆಮರಗಳನ್ನು ಕಡಿದು ಅಡ್ಡ ಹಾಕಿದ್ದು, ಅಷ್ಟೆ. ಬೇಸಿಗೆಯಲ್ಲಿ ಅದರ ಅಗತ್ಯವೇ ಇಲ್ಲ, ನೀರಿನಲ್ಲೇ ನಡೆದು ದಾಟಬಹುದು. ಮಳೆ ಹಿಡಿಯಿತೆಂದರೆ ಮರ ಪಾಚಿಗಟ್ಟುತ್ತದೆ, ಅಡಿಯಲ್ಲಿ ಕೆಂಪು ನೀರು ಬುಸುಗುಟ್ಟುತ್ತದೆ, ಆಚೆಯ ಮಕ್ಕಳಿಗೆ ಆಟಿ ತಿಂಗಳು, ಎಂದರೆ ಆಷಾಢ, ಕಳೆಯುವ ತನಕ ಶಾಲೆ ಇಲ್ಲ. ಈಚೆ ದಡದ ಕೂಸಪ್ಪ ಗೌಡರು ಮಗಳನ್ನು ಆಚೆ ದಡದ ಮನೆಗೇ ಕೊಟ್ಟವರು. ಚೊಚ್ಚಲ ಹೆರಿಗೆಗೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಹೊತ್ತು, ಆ ಸಂಕದ ಮೇಲೆ ತವರಿಗೆ ದಾಟಿಸಿದಾಗ ಗೌಡರು ದಡದಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಆಮೇಲೆಯೇ ಊರಿನವರೆಲ್ಲ ಸೇರಿ ಒಂದು ಗಟ್ಟಿ ಸಂಕಕ್ಕಾಗಿ ಸರಕಾರದ ಬೆನ್ನು ಬಿದ್ದದ್ದು.

ಕಳೆದ ಬೇಸಿಗೆಯಲ್ಲಿ ಅಂತೂ ಇಂಜಿನಿಯರರೊಬ್ಬರು ಬಂದರು. ಮದ್ರಾಸು ಕಡೆಯವರು, ಕನ್ನಡ ಬಾರದು, ತುಳುವಂತೂ ಬಾರದು. ಪುತ್ತೂರಿನಲ್ಲಿ ಕ್ಯಾಂಪು, ಮರುದಿನ ಕಡಬದ ಕಡೆ ಇನ್ನೊಂದು ಊರಿನವರು ಕೇಳಿದ ಸಂಕದ ಜಾಗ ನೋಡುವುದಿತ್ತು. ಎರಡರಲ್ಲಿ ಒಂದಕ್ಕೆ ಮಾತ್ರ ಈ ವರ್ಷ ಮಂಜೂರಿ ಎಂದು ಜೀಪಿನಿಂದ ಇಳಿಯುವಾಗಲೇ ಹೇಳಿದರು. ಹೊತ್ತು ಕಂತುವುದರೊಳಗೆ ಹೊಳೆ ನೋಡಿ ಅಳತೆ ತೆಗೆದು ಹೊರಡಬೇಕು ಎಂದೂ ಹೇಳಿದರು. ನನಗೆ ಅದು ಸ್ಪಷ್ಟವಾಗಿ ಅರ್ಥವಾಗಿತ್ತು. ಅರ್ಥವಾಗಲಿಲ್ಲ ಎಂದಾದರೂ ಹೇಳುವಂತಿದ್ದರೆ ಈ ಪ್ರಬಂಧ ಬರೆಯುವ ಸಂಕಟ ನನಗಿರುತ್ತಿರಲಿಲ್ಲ.

ಜೀಪು ನಿಂತದ್ದು ಮೊಯಿದಿನಬ್ಬರ ಅಂಗಡಿಯ ಎದುರು. ಅಲ್ಲಿಂದ ಇಳಿಜಾರಿನಲ್ಲಿ ಹೊಳೆಗೆ ಹೆಚ್ಚು ದೂರವಿಲ್ಲ, ಕೂಗಿದರೆ ಕೇಳುತ್ತದೆ. ಮೊಯಿದಿನಬ್ಬರು, ತಮಿಳಿಗೆ ಹತ್ತಿರವೆಂದು, ತಮ್ಮ ಮಲಯಾಳದಲ್ಲಿ ಎರಡು ಮಾತು ಆಡಹೊರಟರು. ನಾನು ಬಿಡಲಿಲ್ಲ, ಇಂಗ್ಲಿಷ್ ಮಾಸ್ಟ್ರು ಇರುವಾಗ ಅಂಗಡಿಯವರ ಮಲಯಾಳ ಎಂತಕ್ಕೆ? “ಪ್ಲೀಸ್ ಸಿಟ್ ಡೌನ್” ಎಂದೆ. ಅವರು ಕೂತರು. ಬೆಲ್ಲದ ಚಾಯ ಬಂತು. “ಡ್ರಿಂಕ್ ಅಪ್” ಎಂದೆ. ಸುತ್ತ ನಿಂತವರೆಲ್ಲ ನನ್ನ ಶಿಷ್ಯರ ಅಪ್ಪಂದಿರು. ಸಾಹೇಬರು ಕೂತದ್ದನ್ನೂ ಕುಡಿದದ್ದನ್ನೂ ನೋಡಿ, ಮಾಸ್ಟ್ರ ಇಂಗ್ಲಿಷು ನಡೆಯುತ್ತದೆ ಎಂದು ಅವರಿಗೆ ಖಾತ್ರಿಯಾಯಿತು. ನನಗೂ ಆಯಿತು.

ಇಲ್ಲಿ ನಮ್ಮ ಊರಿನ ಒಂದು ಮರ್ಯಾದೆಯ ವಿಷಯ ಹೇಳಬೇಕು. ನಮ್ಮಲ್ಲಿ ನೆಂಟರು ಎದ್ದರೆ ಹೊರಟರೆಂದು ಅರ್ಥವಲ್ಲ. ಎದ್ದವರನ್ನು ಕೂರಿಸಬೇಕು, ಅವರು ಕೂರಬೇಕು, ಮತ್ತೆ ಏಳಬೇಕು, ಮತ್ತೆ ಕೂರಿಸಬೇಕು. ಎದ್ದ ಕೂಡಲೇ ಹೋಗಲು ಬಿಟ್ಟರೆ ಕಳಿಸಲಿಕ್ಕೇ ಕಾದಿದ್ದರು ಎಂಬ ಮಾತು ಬರುತ್ತದೆ. ಬಂದವರಿಗೂ ಇದು ಗೊತ್ತಿರುವುದರಿಂದ ನಿಜವಾಗಿ ಅವಸರವಿದ್ದವರು ಬಹಳ ಮೊದಲೇ ಏಳಲು ಶುರುಮಾಡುತ್ತಾರೆ. ಪಾಪ, ಮದ್ರಾಸಿನವರಿಗೆ ಇದು ಹೇಗೆ ತಿಳಿಯಬೇಕು?

ಹೊಳೆಯ ದಾರಿ ಹೋಗುವುದೇ ಕೂಸಪ್ಪ ಗೌಡರ ಅಂಗಳದಲ್ಲಿ. ಅಂಗಳ ತುಳಿದವರು ಬೆಲ್ಲ ನೀರು ಮುಟ್ಟದೆ ಹೋಗುವುದುಂಟೇ? ಇಂಜಿನಿಯರರು ಜಗಲಿಯಲ್ಲಿ ಕೂತರು. ಬೆಲ್ಲ ಬಾಯಿಗೆ ಹಾಕಿ ಎದ್ದರು.

“ಎಂತ ಮಾಸ್ಟ್ರೆ, ಅವರು ಎದ್ದದ್ದು? ಕೂರ್ಲಿಕ್ಕೆ ಹೇಳಿ” ಎಂದರು ಗೌಡರು.

“ಸಿಟ್ ಡೌನ್, ಸರ್” ಎಂದೆ.

ಅವರು ಕೂತರು, ಏನೋ ಮುಖ್ಯವಾದ ಸರಕಾರಿ ಮಾತು ಬಾಕಿ ಇದೆ ಎಂಬ ಮುಖದಿಂದ. ಒಳಗಿನಿಂದ ಅಕ್ಕಿತರಿಯ ಪುಂಡಿ ಬಂತು. ತಿಂದು ಎದ್ದರು.

“ಬಾಳೆಹಣ್ಣು ಉಂಟಲ್ಲ, ಅವರು ಹಾಗೆ ಹೋಗುದು ಸರಿಯಲ್ಲ ಮಾರಾಯ್ರೆ.”

“ಸಿಟ್ ಡೌನ್, ಸರ್.”

ಗೌಡರು ಅವರ ಊರಿನ ಮಳೆ ಬೆಳೆ ಕೇಳಿದರು, ಮಕ್ಕಳೆಷ್ಟು ಎಂದು ಕೇಳಿದರು. ಒಂದೊಂದು ಪ್ರಶ್ನೆಗೂ ನಾನು ಮೂರು ವಾಕ್ಯ ಕಟ್ಟಿದೆ. ಬ್ರಿಂಗ್ ಅಪ್, ಗ್ರೋ ಅಪ್, ಸೆಟ್ಲ್ ಡೌನ್, ಶಾಲೆಯಲ್ಲಿ ಬಳಸಲು ಸಿಗದ ಕ್ರಿಯಾಪದಗಳೆಲ್ಲ ಆ ಸಂಜೆ ಗಾಳಿ ಕಂಡವು. ಬಿಸಿಲು ಅಂಗಳ ಬಿಟ್ಟು ತೆಂಗಿನ ಮರ ಹತ್ತುತ್ತಿದ್ದುದು ನನಗೆ ಕಾಣುತ್ತಿತ್ತು. ಗೌಡರಿಗೆ ಒಂದು ಮಾತು, “ಅವರಿಗೆ ತಡವಾಗ್ತದೆ, ಮೊದಲು ಹೊಳೆ ತೋರಿಸುವ” ಎಂದಿದ್ದರೆ ಸಾಕಿತ್ತು. ಮಗಳ ತಂದೆ, ಅವರೇ ಮುಂದಾಗಿ ಓಡುತ್ತಿದ್ದರು. ಅವರಿಗೆ ಹೊತ್ತಿನ ವಿಷಯ ಗೊತ್ತಿರಲಿಲ್ಲ, ಏಕೆಂದರೆ ಜೀಪಿನ ಹತ್ತಿರ ಇಂಜಿನಿಯರರು ಹೇಳಿದ್ದನ್ನು ಕನ್ನಡಕ್ಕೆ ತರಲು ನನಗೆ ಪುರುಸೊತ್ತಾಗಿರಲಿಲ್ಲ. ನಾನು ಕನ್ನಡದ್ದನ್ನು ಇಂಗ್ಲಿಷಿಗೆ ತರುವುದರಲ್ಲಿ ಮುಳುಗಿದ್ದೆ.

ಕೊನೆಗೆ ಹೊಳೆಗೆ ಇಳಿದಾಗ ಆಚೆ ದಡವೇ ಕಾಣಿಸದಷ್ಟು ಮಬ್ಬು. ಇಂಜಿನಿಯರರು ಅಳತೆಯ ಟೇಪನ್ನು ಚೀಲದಿಂದ ತೆಗೆಯಲಿಲ್ಲ. ಇಂಥ ಉಪಚಾರವನ್ನು ತಾವು ಎಲ್ಲೂ ಕಂಡಿಲ್ಲ ಎಂದು ನನ್ನ ಕೈ ಕುಲುಕಿ ಜೀಪು ಹತ್ತಿದರು. ಅದನ್ನು ಮಾತ್ರ ನಾನು ತಡಮಾಡದೆ ಕನ್ನಡಕ್ಕೆ ತಂದೆ. ಎಲ್ಲರಿಗೂ ಬಹಳ ಸಂತೋಷವಾಯಿತು.

ಮನೆಗೆ ಬಂದು ಇಂಗ್ಲಿಷು ಹೇಗೆ ಹರಿಯಿತು ಎಂಬುದನ್ನು ಹೆಂಡತಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿ, “ಅದೆಲ್ಲ ಸರಿ, ಅವರು ಹೊಳೆ ನೋಡಿದ್ದು ಯಾವಾಗ?” ಎಂದಳು. ನಾನು ಹಸಿವಿಲ್ಲ ಎಂದು ಮಲಗಿದೆ.

ಮಂಜೂರಾದದ್ದು ಕಡಬದ ಕಡೆಯ ಸಂಕ. ಆ ಊರಿನಲ್ಲಿ ಇಂಗ್ಲಿಷ್ ಬಲ್ಲವರು ಒಬ್ಬರೂ ಇರಲಿಲ್ಲವಂತೆ. ಮಾತಾಡಲು ಏನೂ ತೋಚದೆ ಅವರು ಇಂಜಿನಿಯರರ ಕೈ ಹಿಡಿದುಕೊಂಡು ನೇರ ಹೊಳೆಗೇ ಕರೆದುಕೊಂಡು ಹೋದರಂತೆ, ಎಳನೀರಿನ ಬೊಂಡ ಕೆತ್ತಿ ಕೊಟ್ಟದ್ದೂ ದಡದಲ್ಲೇ, ಅಳತೆ ಮುಗಿದ ಮೇಲೆ. ಸುದ್ದಿ ತಿಳಿದ ದಿನ ನಾನು ಗೌಡರ ಅಂಗಳ ತಪ್ಪಿಸಿ ಮುಳ್ಳಿನ ದಾರಿಯಲ್ಲಿ ಸುತ್ತು ಬಳಸಿ ಹೋದೆ. ಗೌಡರು ಬೈದಿದ್ದರೆ ಹಗುರಾಗುತ್ತಿತ್ತೋ ಏನೋ. ಎದುರು ಸಿಕ್ಕಾಗ ಅವರು ಹೇಳಿದ್ದು ಇಷ್ಟೆ: “ನೀವು ಇಂಗ್ಲಿಷಿನಲ್ಲಿ ಅಷ್ಟು ಹೇಳಿಯೂ ಅವರು ಕೊಡ್ಲಿಲ್ಲ ನೋಡಿ. ನಿಮ್ಮದು ಎಂತ ತಪ್ಪು?” ಮಗಳು ಮತ್ತೆ ಬಸುರಿ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿದರು.

ಈ ವರ್ಷ ಮಳೆ ಬೇಗ ಹಿಡಿಯಿತು. ಶಾಲೆಗೆ ಹೊರಟು ಹಳೆಯ ಸಂಕದ ಮೇಲೆ ನಡುವಿನ ತನಕ ಬಂದವನಿಗೆ ಕಾಲು ಜಾರತೊಡಗಿತು. ಮುಂದೆ ಇಡುವಂತಿಲ್ಲ, ಹಿಂದೆ ತೆಗೆಯುವಂತಿಲ್ಲ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಚಪ್ಪಲಿ, ಕೆಳಗೆ ಕೆಂಪು ನೀರು. ಎದುರು ದಡದಲ್ಲಿ ಮೊಯಿದಿನಬ್ಬರೂ ಗೌಡರೂ ನಿಂತಿದ್ದರು.

“ಸಿಟ್ ಡೌನ್, ಮಾಸ್ಟ್ರೆ, ಸಿಟ್ ಡೌನ್” ಎಂದು ಮೊಯಿದಿನಬ್ಬರು ಕೂಗಿದರು. ಆ ಸಂಜೆ ನನ್ನ ಬಾಯಿಂದ ಅಷ್ಟು ಸಲ ಕೇಳಿ ಕಲಿತದ್ದು. ದನಿಯಲ್ಲಿ ತಮಾಷೆ ಇರಲಿಲ್ಲ, ನಾನು ಬೀಳಬಾರದು ಎಂಬ ಗಾಬರಿ ಮಾತ್ರ ಇತ್ತು.

ಕೂತೆ. ಮರವನ್ನು ತೊಡೆಗಳ ನಡುವೆ ಹಿಡಿದು, ಪಂಚೆಯನ್ನೆಲ್ಲ ಪಾಚಿ ಮಾಡಿಕೊಂಡು, ಕೂತಲ್ಲಿಂದಲೇ ಸರಿಯುತ್ತಾ ದಡ ಮುಟ್ಟಿದೆ. ಗೌಡರು ಕೈ ಚಾಚಿ, “ಏಳಿ ಮಾಸ್ಟ್ರೆ, ಶಾಲೆಗೆ ತಡ ಆಗ್ತದೆ” ಎಂದರು. ಇನ್ನೊಮ್ಮೆ ಕೂರಿಸಿಕೊಳ್ಳದೆ ಎದ್ದು ಹೋದದ್ದು ನಮ್ಮ ಊರಿನಲ್ಲಿ ನಾನೇ ಮೊದಲಿಗನಿರಬೇಕು.