ಸೊಟ್ಟ ಲೇಬಲ್ ಸಿದ್ಧಾಂತ

ಕಡಿಮೆ ದುಡ್ಡಿಗೆ ಒಳ್ಳೇ ವೈನು, ಒಳ್ಳೇ ವಿಸ್ಕಿ ಆರಿಸುವ ಕಲೆ ಈ ಭೂಮಂಡಲದಲ್ಲಿ ಒಬ್ಬನಿಗೇ ಒಲಿದಿದೆ, ಆ ಒಬ್ಬ ನಾನೇ! ಹೀಗೆಂದು ಒಂದು ಸಂಜೆ ಅಡುಗೆಮನೆ ಬಾಗಿಲಲ್ಲಿ ಎದೆಯುಬ್ಬಿಸಿ ನಿಂತು ಘೋಷಿಸಿದೆ. ಸಭಿಕರು ಎಂದರೆ ನನ್ನ ಹೆಂಡತಿ ಒಬ್ಬಳೇ. ಅವಳು ಬಟಾಣಿ ಸುಲಿಯುತ್ತಿದ್ದಳು.

"ನೀವು ಕುಡಿಯೋದು ವರ್ಷಕ್ಕೆ ಎರಡು ಲೋಟ. ಯಾವಾಗ ಒಲೀತು ಈ ಕಲೆ?"

"ಕುಡಿಯೋದಕ್ಕೆ ನಾಲಿಗೆ ಬೇಕು ಕಣೇ, ಕೊಳ್ಳೋದಕ್ಕೆ ಕಣ್ಣು ಬೇಕು. ನನ್ನ ಕಣ್ಣು ಎಂಥದ್ದು ಅಂತ ಗೊತ್ತಲ್ಲ?"

"ಗೊತ್ತು. ಬೆಳಿಗ್ಗೆ ಫ್ರಿಜ್ಜಲ್ಲಿ ಮೂಗಿನ ಮುಂದೆ ಇದ್ದ ಬೆಣ್ಣೆ ಕಾಣಿಸಲಿಲ್ಲ."

ಅದು ಬಿಡಿ. ಬೆಣ್ಣೆ ಹುಡುಕುವುದಕ್ಕೆ ನನಗೆ ಯಾರೂ ಸಂಬಳ ಕೊಡುವುದಿಲ್ಲ. ನಾನು ಲೇಬಲ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಚೆಕಿಂಗ್ ಟೇಬಲ್ಲಿನವನು. ಸೋಪು, ಜಾಮು, ಕೆಮ್ಮಿನ ಔಷಧಿ, ಮದ್ಯ, ಯಾವುದರ ಲೇಬಲ್ಲೇ ಇರಲಿ, ನಾವು ನಾಲ್ಕು ಜನರಲ್ಲಿ ಒಬ್ಬರು ಭೂತಗನ್ನಡಿ ಹಿಡಿದು ನೋಡಿ ಚೀಟಿಗೆ ಸಹಿ ಹಾಕದೆ ಹಾಳೆ ಮುಂದಕ್ಕೆ ಹೋಗುವ ಹಾಗಿಲ್ಲ. ಹದಿನೇಳು ವರ್ಷದಿಂದ ಇದೇ ಕೆಲಸ, ಒರಗೋದಕ್ಕೆ ಬೆನ್ನೇ ಇಲ್ಲದ ಒಂದೇ ಸ್ಟೂಲಿನ ಮೇಲೆ! ನನ್ನ ಸೊಂಟದ ಕಥೆ ಕೇಳಬೇಡಿ. ನಮ್ಮ ವಿಭಾಗದ ಮುಖ್ಯಸ್ಥರು ಆಗತಾನೇ ನಿವೃತ್ತರಾಗಿದ್ದರು. ಗಾಜಿನ ಕೋಣೆಯಲ್ಲಿ ಅವರ ಕುರ್ಚಿ ಖಾಲಿ ಕೂತಿತ್ತು. ಎತ್ತರದ ಬೆನ್ನು, ಮೆತ್ತನೆ ತೋಳು, ಕೆಳಗೆ ಐದು ಚಕ್ರ! ಅದಕ್ಕೆ ನಾನು, ಇಲ್ಲ ನಮ್ಮ ಟೇಬಲ್ಲಿನ ಬೋಳುತಲೆಯವನು. ಎರಡು ತಿಂಗಳಲ್ಲಿ ಹೇಳ್ತೀನಿ ಅಂದಿದ್ದರು ಪ್ರೆಸ್ಸಿನ ಮಾಲೀಕರು. ಅವರಿಗೆ ಒಳ್ಳೇ ವೈನು, ವಿಸ್ಕಿ ಅಂದರೆ ಪ್ರಾಣ ಅನ್ನುವುದು ಜಗಜ್ಜಾಹೀರಾದ ವಿಷಯ. ಅವರನ್ನು ಒಂದು ಭಾನುವಾರ ಊಟಕ್ಕೆ ಕರೆದು, ನನ್ನ ಕಣ್ಣಿನ ತಾಕತ್ತು ಗಂಟಲಿಗೇ ಇಳಿಸಿಬಿಟ್ಟರೆ ಕುರ್ಚಿ ನನ್ನದಲ್ಲದೆ ಇನ್ಯಾರದು?

"ಸಿದ್ಧಾಂತ ಕೇಳು," ಅಂದೆ ಹೆಂಡತಿಗೆ. "ಬಾಟ್ಲಿ ಮಾಡೋನ ಹತ್ರ ಇರೋ ದುಡ್ಡು ಇಷ್ಟೇ. ಹೊರಗೆ ಸುರಿದ್ರೆ ಒಳಗೆ ಸುರಿಯೋಕೆ ಉಳಿಯಲ್ಲ. ಚಿನ್ನದ ಅಂಚು, ಕಿರೀಟ, ಎರಡು ಸಿಂಹ ಅಂದ್ರೆ ಒಳಗೆ ಬರೀ ಬಣ್ಣದ ನೀರು. ಎಲ್ಲಿ ಲೇಬಲ್ ಸೊಟ್ಟಗಿದೆಯೋ ಅಲ್ಲಿದೆ ಅಮೃತ!"

"ಹೊರಗೆ ಸೊಟ್ಟಗಿದ್ರೂ ಒಳಗೆ ಚೆನ್ನಾಗಿರುತ್ತೆ ಅಂತ ನಂಬಿಯೇ ನಾನು ನಿಮ್ಮನ್ನ ಮದುವೆಯಾಗಿದ್ದು. ಇನ್ನೂ ಹುಡುಕ್ತಾನೇ ಇದ್ದೀನಿ," ಅಂದು ಬಟಾಣಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಮಾರನೇ ದಿನವೇ ಸಂಶೋಧನೆ ಶುರು! ಮದ್ಯದಂಗಡಿ ನಮ್ಮ ಪ್ರೆಸ್ಸಿನಿಂದ ಎರಡೇ ಬೀದಿ ಆಚೆ. ಐದು ಗಂಟೆಗೆ ಪ್ರೆಸ್ಸು ಬಿಟ್ಟಮೇಲೆ ಅಲ್ಲಿ ಕಾಲಿಡೋಕೂ ಜಾಗ ಇರಲ್ಲ. ಹಾಗಾಗಿ ಕೈಯಲ್ಲಿದ್ದ ಕೆಲಸ ಚಕಚಕ ಮುಗಿಸಿ ಇಪ್ಪತ್ತು ನಿಮಿಷ ಮೊದಲೇ ಜಾರಿಕೊಳ್ಳುತ್ತಿದ್ದೆ. ಅಂಗಡಿಯ ಕಪಾಟುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಭೂತಗನ್ನಡಿ ತೆಗೆದು, ಕೆಳಗಿನ ಸಾಲಿನಿಂದ ಒಂದೊಂದೇ ಬಾಟ್ಲಿ ನೋಡುತ್ತಾ ಹೋದೆ. ಅಂಗಡಿಯವನು ನನ್ನನ್ನು ಯಾವುದೋ ತನಿಖಾಧಿಕಾರಿ ಅಂದುಕೊಂಡು ಬೆವತುಹೋದ. ಓಡಿಬಂದು ಕುರ್ಚಿ ಹಾಕಿದ, ಮೇಲೆ ಫ್ಯಾನು ಹಾಕಿದ, ತಣ್ಣಗಿನ ಸೋಡ ತಂದುಕೊಟ್ಟ. ನಾನೂ ಗಂಭೀರವಾಗಿ ಕುಡಿದೆ. ಮೂರನೇ ದಿನ "ಇದರಲ್ಲಿ ಕಡಿಮೆಯದ್ದು ಯಾವುದಪ್ಪಾ?" ಎಂದು ಬಾಯಿಬಿಟ್ಟೆ ನೋಡಿ, ಕುರ್ಚಿಯೂ ಹೋಯಿತು, ಫ್ಯಾನೂ ನಿಂತಿತು!

ಸಂಶೋಧನೆಯಲ್ಲಿ ಸಣ್ಣಪುಟ್ಟ ಅಪಘಾತಗಳು ಆಗದೆ ಇರಲಿಲ್ಲ. ಮೊದಲು ತಂದ ವೈನನ್ನು ಒಂದು ಗುಟುಕು ಕುಡಿದದ್ದೇ ತಡ, ನನ್ನ ಎರಡೂ ಕಿವಿ ಮುಚ್ಚಿಹೋದವು. ಉಳಿದದ್ದನ್ನು ಹೆಂಡತಿ ಸಿಂಕಿನ ಕಲೆ ತೆಗೆಯೋಕೆ ಬಳಸಿದಳು. ಸಿಂಕು ಥಳಥಳ!

"ಎಲ್ಲಿ ಹೋಯ್ತು ಅಮೃತ?"

"ಲೇಬಲ್ ಬಡತನದಿಂದ ಕೆಟ್ಟಿರಬಾರದು ಕಣೇ, ಬೇಜವಾಬ್ದಾರಿಯಿಂದ ಕೆಟ್ಟಿರಬೇಕು. ಸೂಕ್ಷ್ಮ ವ್ಯತ್ಯಾಸ! ನಿನಗೆ ತಿಳಿಯಲ್ಲ."

ಈ ತಿದ್ದುಪಡಿ ಆದಮೇಲೆ ನಾನು ಕೈಯಿಟ್ಟದ್ದೆಲ್ಲ ಚಿನ್ನ. ಲೇಬಲ್ಲನ್ನು ಓರೆಯಾಗಿ ಅಂಟಿಸಿದ್ದ ಒಂದು ವಿಸ್ಕಿ ಸಿಕ್ಕಿತು. ಚಿತ್ರದ ಜಿಂಕೆ ಪಾಪ ಗುಡ್ಡದಿಂದ ಜಾರಿ ಬೀಳೋ ಹಾಗಿತ್ತು. ರುಚಿ ಮಾತ್ರ ಆಹಾ! ಕೊನೆಕೊನೆಗೆ ಅಂಗಡಿಗೆ ಬಂದ ಗಿರಾಕಿಗಳೇ ನನ್ನ ಹತ್ತಿರ ಬಂದು "ಯಾವುದು ತಗೊಳ್ಳೋದು ಸ್ವಾಮಿ?" ಅಂತ ಕೇಳೋ ಮಟ್ಟಕ್ಕೆ ಬೆಳೆದೆ. ಅಂಗಡಿಯವನು ಕುರ್ಚಿ ಮತ್ತೆ ಹಾಕಿದ.

ಮಾಲೀಕರು ಊಟಕ್ಕೆ ಒಪ್ಪಿದ ವಾರವೇ ಸಿಕ್ಕಿತು ನೋಡಿ, ನನ್ನ ಜೀವಮಾನದ ಸಾಧನೆ. ಒಂದು ಕೆಂಪು ವೈನು. ಲೇಬಲ್ ನೋಡಿದರೆ ಅಳು ಬರಬೇಕು! ದ್ರಾಕ್ಷಿ ಗೊಂಚಲಿನ ನೇರಳೆ ಬಣ್ಣ ಗೆರೆ ದಾಟಿ ಅರ್ಧ ಬೆರಳು ಆಚೆಗೆ ಹೋಗಿ ಕೂತಿದೆ, ಎಲೆಯ ಹಸಿರು ಇನ್ನೊಂದು ಕಡೆಗೆ ಓಡಿದೆ. ಹದಿನೇಳು ವರ್ಷದಲ್ಲಿ ಇಷ್ಟು ಶುದ್ಧವಾದ ಬೇಜವಾಬ್ದಾರಿ ನಾನು ಕಂಡಿರಲಿಲ್ಲ.

"ಬೆಲೆ?"

"ದೊಡ್ಡ ಕಂಪನಿದು ಸಾರ್, ಮೊನ್ನೆ ಬಂತು. ಅದೇನೋ ಅರ್ಧ ಬೆಲೆಗೇ ಮಾರಿ ಅಂದಿದ್ದಾರೆ," ಅಂದ ಅಂಗಡಿಯವನು.

ಆರು ಬಾಟ್ಲಿ ಎತ್ತಿಕೊಂಡು ಬಂದೆ.

ಭಾನುವಾರ ಮಧ್ಯಾಹ್ನ ಮಾಲೀಕರು ಬಂದರು. ಮಿತಭಾಷಿ, ಬಿಳಿ ಮೀಸೆ. ಹೆಂಡತಿ ಬೆಳಿಗ್ಗೆಯಿಂದ ಬೆಂದು ಕೋಳಿ ಹುರಿದಿದ್ದಳು. ಮೊದಲು ಜಿಂಕೆ ವಿಸ್ಕಿ ಕೊಟ್ಟೆ. ಒಂದು ಗುಟುಕಿಗೆ ಅವರ ಹುಬ್ಬು ಮೇಲೆ ಹೋಯಿತು.

"ಎಷ್ಟು ಕೊಟ್ರಿ ಇದಕ್ಕೆ?"

ಹೇಳಿದೆ.

"ಅಷ್ಟೇನಾ? ನಾನು ಇದರ ಮೂರರಷ್ಟು ಕೊಟ್ಟು ಇದಕ್ಕಿಂತ ಕೆಟ್ಟದ್ದು ಕುಡೀತಿದ್ದೀನಲ್ರೀ!"

ಬಾಗಿಲ ಬಳಿ ನಿಂತಿದ್ದ ಹೆಂಡತಿಯನ್ನು ಹೆಮ್ಮೆಯಿಂದ ನೋಡಿದೆ. ಅವಳೂ ನಕ್ಕಳು, ಸತ್ಯವಾಗಿ! ಊಟಕ್ಕೆ ಕೂತಾಗ ನನ್ನ ಬ್ರಹ್ಮಾಸ್ತ್ರ, ಆ ಕೆಂಪು ವೈನನ್ನು ಸುರಿದೆ. ಮಾಲೀಕರು ಮೂಸಿದರು, ಕುಡಿದರು, ಕಣ್ಣು ಮುಚ್ಚಿದರು.

"ಅದ್ಭುತವಾಗಿದೆ ಕಣ್ರೀ," ಅಂದು ಬಾಟ್ಲಿ ತಿರುಗಿಸಿ ಲೇಬಲ್ ನೋಡಿದರು. ನೋಡುತ್ತಲೇ ಇದ್ದರು.

ಇದೇ ಸಮಯ ಅಂದುಕೊಂಡು ನಾನು ಸಿದ್ಧಾಂತ ಬಿಚ್ಚಿದೆ. ವೈನಿನ ಹುರುಪು ಬೇರೆ! "ಲೇಬಲ್ ನೋಡಿ ಸಾರ್! ಇದನ್ನ ಅಚ್ಚು ಹಾಕಿದೋನು ಕತ್ತೆ! ಇದನ್ನ ಚೆಕ್ ಮಾಡಿ ಪಾಸ್ ಮಾಡಿದೋನು ಇದ್ದಾನಲ್ಲ, ಅವನು ಹುಟ್ಟುಗುರುಡ!"

"ಹೌದಾ?" ಅಂದರು ಮಾಲೀಕರು ಮೆಲ್ಲಗೆ. "ನೀವು ಮುಖ್ಯಸ್ಥರಾಗಿದ್ರೆ ಅಂಥವನನ್ನ ಏನು ಮಾಡ್ತಿದ್ರಿ?"

ಮುಖ್ಯಸ್ಥ! ಐದು ಚಕ್ರಗಳು ಗರಗರ ಉರುಳಿದ ಸದ್ದು ನನ್ನ ಕಿವಿಗೆ ಕೇಳಿಸಿತು. ಕುರ್ಚಿಯಿಂದ ಎದ್ದೇ ನಿಂತೆ.

"ಚೆಕಿಂಗ್ ಟೇಬಲ್ಲಿಂದ ಕಿತ್ತು ಗೋದಾಮಿಗೆ ಹಾಕ್ತಿದ್ದೆ! ಆರು ತಿಂಗಳು ರದ್ದಿ ಕಾಗದದ ಕಟ್ಟು ಕಟ್ಟಿಸ್ತಿದ್ದೆ! ಬೇಡ, ಆರು ತಿಂಗಳು ಎಲ್ಲಿ ಸಾಲುತ್ತೆ ಸಾರ್? ಒಂದು ವರ್ಷ! ದಯೆ ದಾಕ್ಷಿಣ್ಯ ಇಲ್ಲ!"

ಮಾಲೀಕರು ಜೇಬಿನಿಂದ ಮಡಚಿದ ಕಾಗದ ತೆಗೆದರು.

"ಈ ವೈನ್ ಕಂಪನಿಯೋರು ನಿನ್ನೆ ಈ ದೂರು ಕಳಿಸಿದ್ರು. ಅಚ್ಚು ಹಾಕಿದ ಕತ್ತೆ ನಮ್ಮ ಪ್ರೆಸ್ಸೇ ಕಣ್ರೀ."

ವೈನು ನನ್ನ ನೆತ್ತಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಸುಧಾರಿಸಿಕೊಳ್ಳುವಾಗ ಅವರು ಮುಂದುವರಿಸಿದರು. "ಬಾಟ್ಲಿಗೆಲ್ಲ ಅಂಟಿಸಿ ಆದಮೇಲೆ ನೋಡಿದ್ದಾರೆ. ದೊಡ್ಡ ಅಂಗಡಿಗಳು ಯಾವುವೂ ತಗೊಳ್ಳಲಿಲ್ಲವಂತೆ. ಲೇಬಲ್ ಜೊತೆ ನಾವು ಕಳಿಸಿದ್ದ ಚೆಕಿಂಗ್ ಚೀಟಿಯ ನಕಲೂ ಇಟ್ಟಿದ್ದಾರೆ. ಸಹಿ ಯಾರದು ಅಂತ ಮಾತ್ರ ತಿಳೀತಿಲ್ಲ, ನಾಳೆ ವಿಚಾರಿಸೋಣ ಅಂತಿದ್ದೆ. ನಿಮ್ಮ ಕಣ್ಣು ಚುರುಕಲ್ವಾ, ಸ್ವಲ್ಪ ನೋಡಿ."

ನನಗೆ ಒಳಗೊಳಗೇ ಲಾಡು ತಿಂದಷ್ಟು ಖುಷಿ! ಬೋಳುತಲೆಯವನಲ್ಲದೆ ಇನ್ಯಾರು? ಸಿಕ್ಕಿಬಿದ್ದ ಬಡಪಾಯಿ! ಠೀವಿಯಿಂದ ಭೂತಗನ್ನಡಿ ತೆಗೆದು ಬಗ್ಗಿದೆ. ಎರಡು ಸೊನ್ನೆ. ಸೊನ್ನೆಗೊಂದು ಬಾಲ. ಬಾಲದ ಕೆಳಗೆ ಎರಡು ಚುಕ್ಕಿ. ಪಕ್ಕದಲ್ಲಿ ಸಮಯ, ನಾಲ್ಕು ಗಂಟೆ ಮೂವತ್ತೊಂಬತ್ತು ನಿಮಿಷ. ನಾನು ಅಂಗಡಿಗೆ ಓಡುತ್ತಿದ್ದ ಹೊತ್ತು! ಭೂತಗನ್ನಡಿಯನ್ನು ಮೆಲ್ಲಗೆ ಜೇಬಿಗೆ ಇಳಿಸಿದೆ.

"ಸಾರ್... ಇದು... ಸ್ವಲ್ಪ ಅಸ್ಪಷ್ಟ..."

ಕೋಳಿ ತಟ್ಟೆ ಹಿಡಿದು ಬಂದ ಹೆಂಡತಿ ನನ್ನ ಭುಜದ ಮೇಲಿಂದ ಇಣುಕಿದಳು. "ಅಯ್ಯೋ, ಇದು ನಿಮ್ಮ ಸಹಿ ಅಲ್ವೇನ್ರೀ? ಬ್ಯಾಂಕಿನೋರು ಎರಡು ಸಲ ವಾಪಸ್ ಕಳಿಸಿದ್ರಲ್ಲ, ಅದೇ!"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಮಾನ ಉಳಿಸಿಕೊಳ್ಳೋಕೆ ಕೊನೆಯದಾಗಿ ಒಂದು ಮಾತು ಎಸೆದೆ.

"ಏನೇ ಆಗಲಿ ಸಾರ್, ಇಷ್ಟು ಒಳ್ಳೇ ವೈನು ನಮಗೆ ಅರ್ಧ ಬೆಲೆಗೆ ಸಿಕ್ತಲ್ಲ!"

"ಸಿಗದೆ ಏನು? ಇನ್ನರ್ಧ ಆ ಕಂಪನಿಗೆ ನಾನು ಕಟ್ಟಿಕೊಡ್ತಾ ಇದ್ದೀನಲ್ಲಯ್ಯಾ!" ಎಂದರು ಮಾಲೀಕರು. ಅಲ್ಲಿಯವರೆಗೆ 'ರೀ' ಆಗಿದ್ದವನು ಒಂದೇ ಗುಟುಕಿಗೆ 'ಅಯ್ಯಾ' ಆಗಿದ್ದೆ. ಅವರು ಮಾತ್ರ ಸಿಟ್ಟಾಗಲಿಲ್ಲ. ಲೋಟ ಖಾಲಿ ಮಾಡಿದರು, ಎರಡು ತುಂಡು ಕೋಳಿ ತಿಂದರು, ಅಡುಗೆ ಚೆನ್ನಾಗಿದೆಯಮ್ಮಾ ಅಂದರು. ಹೊರಡುವಾಗ ಸೀಲು ಒಡೆಯದ ಐದು ಬಾಟ್ಲಿಯನ್ನೂ ಕಂಕುಳಲ್ಲಿ ಇರುಕಿಕೊಂಡು ಬಾಗಿಲಲ್ಲಿ ತಿರುಗಿ ನಿಂತರು.

"ಕುರ್ಚಿ ವಿಷಯ ನಿನ್ನ ಟೇಬಲ್ಲಿನ ಇನ್ನೊಬ್ಬರಿಗೆ ಹೇಳ್ತೀನಿ. ನೀನು ನಾಳೆ ಬೆಳಿಗ್ಗೆ ಬಂದು ಗೋದಾಮಿನ ಬೀಗದಕೈ ತಗೋ. ತೀರ್ಪು ನೀನೇ ಕೊಟ್ಟಿದ್ದೀಯ, ನಾನು ಯಾಕೆ ಬದಲಾಯಿಸಲಿ? ಆರು ತಿಂಗಳು ಅಂದೆ, ಅಲ್ವಾ?"

"ಹೌದು ಸಾರ್! ಆರು! ಬರೀ ಆರು!" ಎಂದು ನಾನು ಕೈಮುಗಿದು ಗೋಣು ಅಲ್ಲಾಡಿಸಿದೆ.

ಹಿಂದಿನಿಂದ ಹೆಂಡತಿಯ ದನಿ ಬಂತು.

"ಇಲ್ಲ ಸಾರ್, ಮೊದಲು ಆರು ಅಂದ್ರು. ಆಮೇಲೆ ಸಾಲಲ್ಲ ಅಂತ ಅವರೇ ಒಂದು ವರ್ಷ ಮಾಡಿದ್ರು!"