ಇಟಗಿಯೋ ಇಟಲಿಯೋ

ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯಲ್ಲಿ ಅರ್ಧ ನಡೆಯುತ್ತಲೇ ಇರಲಿಲ್ಲ. ಆದರೆ ರಾಣೇಬೆನ್ನೂರಿನಲ್ಲಿ ಸೈಕಲ್ ಅಂಗಡಿ ಇಟ್ಟ ಹೆಂಗಸು ಬಾಯಿ ಮುಚ್ಚಿಕೊಂಡರೆ ಅಂಗಡಿಯನ್ನೂ ಮುಚ್ಚಬೇಕಾಗುತ್ತದೆ.

ಬೋರ್ಡಿನ ಮಾತು

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಹುಬ್ಬಳ್ಳಿಯ ಯಾವುದೋ ಬಂಗಲೆಯ ಹರಾಜಿಗೆ ತಕ್ಕಡಿ ತರಲು ಹೋಗಿದ್ದರು. ತಕ್ಕಡಿಯ ಜೊತೆ ಒಂದು ಸೈಕಲ್ ಫ್ರೇಮೂ ಬಂತು. ಅದನ್ನು ನನ್ನ ಅಂಗಡಿಗೆ ಹೊತ್ತು ತಂದರು. ಗಾಲಿಯಿಲ್ಲ, ಸೀಟಿಲ್ಲ, ಬರೀ ಉಕ್ಕಿನ ಅಸ್ಥಿಪಂಜರ. ಎತ್ತಿ ನೋಡಿದೆ, ಹೂವಿನಷ್ಟು ಹಗುರ.

"ಇದು ಯಾವ ಊರಿಂದು ಹೇಳ್ರಿ ಅಕ್ಕಾರ" ಎಂದರು.

ಅಂದು ಹಾವೇರಿಯ ದೊಡ್ಡ ಸೈಕಲ್ ಡೀಲರೂ ನನ್ನ ಅಂಗಡಿಯಲ್ಲೇ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಇಂಗ್ಲೆಂಡಿಂದು, ನೋಡಿದ್ರ ಗೊತ್ತಾಗೂದಿಲ್ಲೇನು?" ಅಂದುಬಿಟ್ಟರು. ನನಗೆ ಗೊತ್ತಿರಲಿಲ್ಲ, ಆದರೂ "ಅಲ್ಲ" ಅಂದೆ.

ಅವರು ನನ್ನ ಬೋರ್ಡಿನ ಕಡೆ ಬೆರಳು ಮಾಡಿದರು. 'ಎಲ್ಲ ದೇಶದ ಸೈಕಲ್ ಪರಿಣತರು' ಎಂದು ನಾನೇ ಬರೆದ ಬೋರ್ಡು. ಶಾಲೆಯ ಮೆಟ್ಟಿಲು ಹತ್ತದೆ, ಬಸ್ಸಿನ ಬೋರ್ಡು ನೋಡಿ, ಪೊಟ್ಟಣದ ಕಾಗದ ಬಿಡಿಸಿ ಕಲಿತ ಅಕ್ಷರಗಳು ಅವು.

"ಎಲ್ಲ ದೇಶ ಅಂತ ಬರದೀರಿ. ಯಾವ್ಯಾವ ದೇಶ ನೋಡೀರಿ?"

"ಹರಿಹರ ದಾಟಿ ದಾವಣಗೆರಿ ತನಕ ನೋಡೇನ್ರಿ."

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಈ ಫ್ರೇಮಿನ ತವರು ಹೇಳಲಾಗದಿದ್ದರೆ 'ಎಲ್ಲ ದೇಶದ' ಎಂಬ ಎರಡು ಪದವನ್ನು ನನ್ನ ಕೈಯಿಂದಲೇ ಅಳಿಸುತ್ತೇನೆ ಎಂದುಬಿಟ್ಟೆ. ತೀರ್ಪು ಹೇಳುವ ಪಂಚರು ವ್ಯಾಪಾರಿಯೇ ಎಂದಾಯಿತು.

ಉಲ್ಟಾ ಕಪ್ಪು

ಪೆಡಲಿನ ಅಚ್ಚು ಕೂರುವ ಜಾಗದಲ್ಲಿ ಎರಡೂ ಬದಿಗೆ ಒಂದೊಂದು ಕಪ್ಪು, ಅಂದರೆ ಥ್ರೆಡ್ಡಿರುವ ಉಕ್ಕಿನ ಬಟ್ಟಲು, ಇರುತ್ತದೆ. ನಮ್ಮ ಸೈಕಲ್ಲಿನಲ್ಲೂ ಇಂಗ್ಲೆಂಡಿನ ಹಳೆಯ ಸೈಕಲ್ಲಿನಲ್ಲೂ ಬಲಗಡೆಯ ಕಪ್ಪಿನ ಥ್ರೆಡ್ಡು ಉಲ್ಟಾ. ಅದನ್ನು ಉಲ್ಟಾ ತಿರುಗಿಸಿಯೇ ಬಿಚ್ಚಬೇಕು. ನನ್ನ ಕೈಗೆ ಅದೇ ರೂಢಿ.

ನಟ್ಟು ಬಿಚ್ಚುವ ಪಾನಾ ಹಾಕಿ ಅದೇ ರೂಢಿಯಂತೆ ತಿರುಗಿಸಿದೆ, ಅಲುಗಲಿಲ್ಲ. ಪಾನಾಕ್ಕೆ ಉದ್ದನೆಯ ಪೈಪು ಹಾಕಿದೆ, ಆಗಲೂ ಇಲ್ಲ. ಪಕ್ಕದ ಹಿಟ್ಟಿನ ಗಿರಣಿಯ ಚಾಚಾನನ್ನು ಕರೆದೆ. ಚಾಚಾ ಎರಡು ಚೀಲ ಜೋಳದ ತೂಕದ ಮನುಷ್ಯ. ಪೈಪಿನ ಮೇಲೆ ಹತ್ತಿ ನಿಂತರೂ ಕಪ್ಪು ಜಪ್ಪಯ್ಯ ಅನ್ನಲಿಲ್ಲ. ಬೇಸತ್ತು ಇಳಿಯುವಾಗ ಅವರ ಕಾಲು ಪೈಪಿನ ಅಡಿಗೆ ಸಿಕ್ಕಿ, ಪೈಪು ಮೇಲಕ್ಕೆ ಎಗರಿತು. ಕಪ್ಪು ಕಿರ್ರೆಂದು ಸಡಿಲಾಯಿತು.

ಆಗ ಹೊಳೆಯಿತು: ಇದರ ಥ್ರೆಡ್ಡು ಉಲ್ಟಾ ಅಲ್ಲ, ಸೀದಾ. ಅಂದರೆ ಇಂಗ್ಲೆಂಡಿನದಲ್ಲ! ನಾನು ಕುಣಿದಾಡಿದೆ. ಚಾಚಾ ಮಾತ್ರ ಕಾಲು ತಿಕ್ಕಿಕೊಳ್ಳುತ್ತಾ ಕೇಳಿದರು: "ಮತ್ತ ಮುಂಜಾನಿಂದ ನಾವೇನು ಮಾಡಿದ್ವಿ, ಅಕ್ಕಾ?"

"ಬಿಗಿ ಮಾಡಿದ್ವಿ, ಚಾಚಾ."

ಊರಿನವರ ಹಕ್ಕು

ಫ್ರೇಮಿನ ಮೇಲೆ ಕರಿ ಬಣ್ಣ, ಅದರಡಿ ಹಸಿರು, ಅದರಡಿ ಬೆಳ್ಳಿ. ಸೀಮೆಎಣ್ಣೆ ಹಾಕಿ ಮೆಲ್ಲಗೆ ಕೆರೆದೆ. ಫ್ರೇಮಿನ ಕೆಳಗಿನ ಕೊಳವೆಯ ಮೇಲೆ ಮೂರು ಇಂಗ್ಲಿಷ್ ಅಕ್ಷರ ಕಂಡವು: ಐ, ಟಿ, ಎ. ಮುಂದೆ ಇನ್ನೂ ಬಣ್ಣ.

ಚಹಾದಂಗಡಿಯವನು ಒಂದೇ ಉಸಿರಿಗೆ, "ಇಟಗಿ! ಮುಗೀತಲ್ಲ!" ಅಂದ. ಇಟಗಿ ನಮ್ಮ ತಾಲೂಕಿನದೇ ಹಳ್ಳಿ. ಸುದ್ದಿ ಅಂದೇ ಇಟಗಿಯ ಬಸ್ಸು ಹತ್ತಿತು. ಮರುದಿನ ಇಟಗಿಯ ಹಿರಿಯರೊಬ್ಬರು ತಲೆಗೆ ಪಟಗಾ ಸುತ್ತಿಕೊಂಡು ಬಂದೇ ಬಿಟ್ಟರು.

"ನಮ್ಮೂರ ಕಮ್ಮಾರ ಮಾಡಿದ್ದವ್ವ ಇದು. ನನಗ ಅವನ ಕೈ ಗುರುತೈತಿ."

"ಅವ ಸೈಕಲ್ ಮಾಡ್ತಿದ್ನೇನ್ರಿ ಯಜಮಾನ್ರ?"

"ಕೂರಿಗಿ ಮಾಡ್ತಿದ್ದ."

"ಬಿತ್ತೋ ಕೂರಿಗಿಗೂ ಸೈಕಲ್ಲಿಗೂ ಏನು ಸಂಬಂಧ?"

"ಎರಡರ ಹಿಂದನೂ ಮನಷ್ಯಾ ನಡಕೊಂತನ ಹೋಗಬೇಕು. ನನ್ನ ಸೈಕಲ್ಲಂತೂ ಹಂಗ ಐತಿ."

ಮನೆಯವರು ಕರೆಯುವ ಹೆಸರು

ಉಳಿದ ಬಣ್ಣವನ್ನು ಬ್ಲೇಡಿನಿಂದಲ್ಲ, ಉಗುರಿನಿಂದ ತೆಗೆದೆ. ಎಲ್, ಐ, ಎ. 'ಇಟಾಲಿಯಾ'. ರದ್ದಿಯಲ್ಲಿ ಬಂದ ಭೂಗೋಳದ ಪುಸ್ತಕ ತೆಗೆದು ನೋಡಿದರೆ ಅಲ್ಲಿದ್ದದ್ದು 'ಇಟಲಿ'. ಡೀಲರಿಗೆ ಇದು ಗೊತ್ತಾಗಿ, "ಸ್ಪೆಲ್ಲಿಂಗ್ ತಪ್ಪೈತಿ, ಡುಪ್ಲಿಕೇಟ್ ಮಾಲು" ಎಂದು ಹೇಳಿ ಕಳಿಸಿದರು.

ಎರಡು ದಿನ ನನಗೆ ಊಟ ರುಚಿಸಲಿಲ್ಲ. ಮೂರನೆಯ ದಿನ ಸ್ಟೇಶನ್ನಿಗೆ ಪಾರ್ಸಲ್ ಬಿಡಿಸಲು ಹೋದೆ. ಅಲ್ಲಿನ ಬೋರ್ಡಿನಲ್ಲಿ ಇಂಗ್ಲಿಷಿನವರು ನಮ್ಮ ರಾಣೇಬೆನ್ನೂರನ್ನು 'ರಾಣಿಬೆನ್ನೂರು' ಮಾಡಿದ್ದರು. ಹೊರಗಿನವರು ಒಂದು ಕರೆಯುತ್ತಾರೆ, ಮನೆಯವರು ಇನ್ನೊಂದು. ಇಟಲಿಯವರು ತಮ್ಮ ದೇಶವನ್ನು ಇಟಾಲಿಯಾ ಅನ್ನುತ್ತಿರಬೇಕು! ಹೈಸ್ಕೂಲಿನ ಮಾಸ್ತರರನ್ನು ಕೇಳಿದೆ. ಹೌದು ಅಂದರು. ಆಮೇಲೆ, "ನೀವು ಯಾವ ಕಾಲೇಜಿನ್ಯಾಗ ಓದೀರಿ?" ಎಂದು ಕೇಳಿದರು.

"ಕೇಂದ್ರ ಬಸ್ ನಿಲ್ದಾಣ, ಸರ."

ಅಂಚೆ ಕಚೇರಿಯ ತೀರ್ಪು

ಬ್ಯಾಡಗಿಯ ವ್ಯಾಪಾರಿ, ಹಾವೇರಿಯ ಡೀಲರು ಇಬ್ಬರೂ ಬಂದರು. ಸೀದಾ ಥ್ರೆಡ್ಡು ತೋರಿಸಿದೆ, ಅಕ್ಷರ ತೋರಿಸಿದೆ. ಡೀಲರು ಸೋಲೊಪ್ಪಲಿಲ್ಲ.

"ಇಟಲಿ ಅಂದ್ರೂ ಇಂಗ್ಲೆಂಡ್ ಅಂದ್ರೂ ಒಂದ. ಎರಡೂ ವಿಲಾಯತಿ. ಬೇಕಾದ್ರ ಪೋಸ್ಟಾಫೀಸಿನ್ಯಾಗ ಕೇಳೋಣು ಬರ್ರಿ."

ಮೂವರೂ ಹೋದೆವು. ಕಿಟಕಿಯ ಗುಮಾಸ್ತರು ಪುಸ್ತಕ ತಿರುವಿ, ಎರಡೂ ದೇಶಕ್ಕೆ ಕಳಿಸುವ ಕಾಗದಕ್ಕೆ ಒಂದೇ ದರ ಎಂದರು.

"ನೋಡಿದ್ರೇನು!" ಡೀಲರು ತೊಡೆ ತಟ್ಟಿದರು. "ಸರ್ಕಾರನ ಒಂದ ಅಂದೈತಿ. ದರ ಒಂದ ಅಂದ್ರ ಊರು ಒಂದ. ಹೋಗಿ ಬೋರ್ಡು ಅಳಸ್ರಿ."

ವ್ಯಾಪಾರಿ ಗೊಂದಲಕ್ಕೆ ಬಿದ್ದು ತಲೆ ಕೆರೆದುಕೊಂಡರು. ಸರ್ಕಾರಿ ಪುಸ್ತಕದ ಮಾತು, ಇನ್ನೇನು ಡೀಲರ ಕಡೆಗೇ ವಾಲುತ್ತಿದ್ದರು. ನನ್ನ ಎರಡು ಪದ ಹೋದವು ಅಂದುಕೊಂಡೆ. ಆದರೂ ಕಿಟಕಿಗೆ ಬಾಗಿ ಕೇಳಿದೆ:

"ಸಾಹೇಬ್ರ, ಇಲ್ಲಿಂದ ಬ್ಯಾಡಗಿಗೆ ಇನ್‌ಲ್ಯಾಂಡ್ ಪತ್ರಕ್ಕ ಎಷ್ಟು? ಹಾವೇರಿಗೆ ಎಷ್ಟು?"

"ಎರಡಕ್ಕೂ ಒಂದ ದರರಿ ಅಕ್ಕಾರ."

ನಾನು ವ್ಯಾಪಾರಿಯ ಕಡೆ ತಿರುಗಿದೆ. "ಕೇಳಿದ್ರೆಲ್ರಿ? ಈ ಡೀಲರ್ ಸಾಹೇಬ್ರ ಲೆಕ್ಕದಾಗ ಬ್ಯಾಡಗಿ ಅಂತ ಒಂದು ಊರ ಇಲ್ಲ. ಅದು ಹಾವೇರಿನ."

ಅಷ್ಟೂ ದಿನ ಮೆತ್ತಗಿದ್ದ ಮನುಷ್ಯ, ಧೋತರದ ಚುಂಗು ಎತ್ತಿ ಸಿಕ್ಕಿಸಿ, ಡೀಲರ ಮುಂದೆ ಒಂದು ಹೆಜ್ಜೆ ಇಟ್ಟರು. "ಬ್ಯಾಡಗಿ ಇಲ್ಲಂತ ಅಂದಾವ್ರು ಯಾರು?"

ಡೀಲರು ಬಾಗಿಲ ಕಡೆ ಹಿಂದೆ ಹಿಂದೆ ಸರಿಯುತ್ತಾ ಕೂಗಿದರು: "ಇಟಲಿರೀ! ಖರೇನ ಇಟಲಿ! ನಾ ಮೊದಲಿಂದ ಇಟಲಿ ಅಂತನ ಹೇಳಾಕತ್ತೇನಿ!"